ಮೂಡಲಿಗೆ ಉಕ್ಕಿದ ಹಾಲು

ನೌಬಾದದ ಆ ಮನೆ ನೋಡಲು ಹೋದಾಗ ನನ್ನ ಚೀಲದಲ್ಲಿ ಪಾತ್ರೆ, ಹಾಲು, ಉರಿಗೆ ನಾಲ್ಕು ಸಗಣಿ ಕುಳ್ಳು, ಒಂದು ತೆಂಗಿನಕಾಯಿ ಇದ್ದವು. ಕೊಳ್ಳುವ ಮೊದಲೇ ಹಾಲು ಉಕ್ಕಿಸುವುದು ಪದ್ಧತಿಯಲ್ಲ. ಆದರೆ ಸೋಮವಾರ, ತಿಥಿ ಚೆನ್ನಾಗಿತ್ತು. ಬಾಡಿಗೆ ಮನೆ ಬಿಡಲು ಹದಿನೈದೇ ದಿನ ಉಳಿದಿತ್ತು. ಇದು ನಾವು ನೋಡುತ್ತಿದ್ದ ಏಳನೆಯ ಮನೆ.

ಭಾಲ್ಕಿಯಲ್ಲಿ ನಮ್ಮದೇ ಮನೆಯಿತ್ತು. ಎರೆಮಣ್ಣಿನ ನೆಲ; ಬೇಸಿಗೆಗೆ ಬಿರಿಯುತ್ತಿತ್ತು, ಮಳೆಗೆ ಉಬ್ಬುತ್ತಿತ್ತು. ವರ್ಷವರ್ಷ ಬಿರುಕಿಗೆ ಸಿಮೆಂಟ್ ತುಂಬಿ, ಸುಣ್ಣ ಬಳಿದು, ದೀಪ ಹಚ್ಚಿದೆವು. ಒಂದು ಮಧ್ಯಾಹ್ನ ಅಡುಗೆಮನೆಯ ಗೋಡೆ ಕುಸಿಯಿತು. ಮಕ್ಕಳು ಶಾಲೆಯಲ್ಲಿದ್ದರು, ನಾನು ನೀರಿಗೆ ಹೋಗಿದ್ದೆ. ಅಷ್ಟಕ್ಕೆ ಇಂದಿಗೂ ದೇವರಿಗೆ ಕೈ ಮುಗಿಯುತ್ತೇನೆ.

ಮನೆ ಮಾರುವ ಹಿರಿಯರೇ ಮೂರು ಇಟ್ಟಿಗೆ ತಂದಿಟ್ಟರು. "ಉಕ್ಕಸು ತಂಗಿ, ಮನಿ ನಿಂದೇ ಅಂತ ತಿಳಿ."

ಹಾಲು ಉಕ್ಕಿತು, ಅದೂ ಮೂಡಲಿಗೆ. ಎಷ್ಟೋ ತಿಂಗಳ ಮೇಲೆ ನನ್ನ ಯಜಮಾನರ ಮುಖದಲ್ಲಿ ನಗೆ ಕಂಡಿತು. ನಾನೂ ಕೈ ಮುಗಿದೆ. ಮುಗಿದ ಕೈ ಹಾಗೇ ನಿಂತಿತು. ನೆಲಕ್ಕಿಳಿದ ಹಾಲು ನಿಲ್ಲದೆ ಸರಸರ ಮೂಲೆಗೆ ಹರಿದು, ನೆಲದ ಫರಸಿಕಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಇಳಿದುಹೋಯಿತು.

ಹೊರಗೆ ಹೋಗಿ ಅದೇ ಮೂಲೆಯ ಹಿಂಬದಿ ನೋಡಿದೆ. ಒರಗಿಸಿಟ್ಟ ತಗಡು ಸರಿಸಿದರೆ ಗೋಡೆಯ ಬುಡಕ್ಕೆ ಮೊಳದಗಲ ಕಾಂಕ್ರೀಟು.

"ಕಾಕಾ, ಇದೇನ್ರಿ?"

"ಎರಡು ವರ್ಷದ ಹಿಂದ ಬುನಾದಿ ಸ್ವಲ್ಪ ಕುಂತಿತ್ತವ್ವ. ಗೌಂಡಿ ಕರಸಿ ಪಕ್ಕಾ ಮಾಡ್ಸೀನಿ."

"ಹೇಳಲೇ ಇಲ್ಲಲ್ರಿ?"

"ನೀವು ಕೇಳಲೇ ಇಲ್ಲಲ್ಲ!" ನಕ್ಕರು.

"ಒಳಗಿನ ಫರಸಿ ಯಾವಾಗಿಂದ್ರಿ?"

"ಅದು ಆದ ಮ್ಯಾಲಿಂದೇ. ಹೊಸಾದು."

ರಿಪೇರಿಯಾದ ಮೇಲೆ ಹಾಸಿದ ಫರಸಿಯೇ ವಾಲಿದೆ ಎಂದರೆ ಬುನಾದಿ ಇನ್ನೂ ಕೂರುತ್ತಿದೆ.

ಈ ಮನೆ ಬೇಡವೆಂದು ತಲೆಯಾಡಿಸಿದೆ. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ದೇವ್ರು ಹೂಂ ಅಂದಾನ, ನೀ ಒಲ್ಲೆ ಅಂತಿ? ಹದಿನೈದು ದಿನದಾಗ ಎಲ್ಲಿಗಿ ಹೋಗಮು, ಹೇಳು!"

"ದೇವ್ರೇ ತೋರ್ಸ್ಯಾನ್ರಿ. ಹಾಲು ಎಲ್ಲಿಗಿ ಹ್ವಾದ್ವು, ನೀವೂ ನೋಡೀರಿ."

"ನಿನ್ನ ಕಣ್ಣಿಗಿ ಬರೀ ಬಿರುಕೇ ಕಾಣ್ತಾವ."

ಆ ಮಾತು ನಾಟಿತು. ಸುಳ್ಳೂ ಅಲ್ಲ. ಭಾಲ್ಕಿ ಬಿಟ್ಟ ಮೇಲೆ ಯಾರ ಮನೆಗೆ ಹೋದರೂ ಮೊದಲು ಮೂಲೆಯನ್ನೇ ನೋಡುತ್ತೇನೆ. ಆದರೂ ಆ ಗೋಡೆಯ ಕೆಳಗೆ ಮಕ್ಕಳಿಗೆ ಹಾಸಿಗೆ ಹಾಸಲು ನನ್ನಿಂದ ಆಗದು ಎಂದೆ.

ರಸ್ತೆಗೆ ಬಂದದ್ದೇ ಯಜಮಾನರು ಒಂದು ಕಲ್ಲಿನ ಮೇಲೆ ಕುಸಿದು ಕುಳಿತರು. "ಇನ್ನ ನನ್ನ ಕೈಲೆ ಆಗಲ್ಲ," ಎಂದು ಮುಖ ಮುಚ್ಚಿಕೊಂಡರು. ಪಾತ್ರೆಯ ತಳದಲ್ಲಿ ಉಳಿದ ಬೆಚ್ಚಗಿನ ಹಾಲನ್ನು ಮುಚ್ಚಳಕ್ಕೆ ಬಗ್ಗಿಸಿ ಅವರ ಮುಂದೆ ಹಿಡಿದೆ. ಬಹಳ ಹೊತ್ತಿನ ಮೇಲೆ ತೆಗೆದುಕೊಂಡರು.

ಚೀಲದಲ್ಲಿ ತೆಂಗಿನಕಾಯಿ ಇನ್ನೂ ಒಡೆಯದೆ ಹಾಗೇ ಇತ್ತು.