ಗಿಳಿಯ ರೆಕ್ಕೆಗೆ ಬೇಕಾದ ಮರ

ಮೇಸ್ತ್ರಿಯ ಬಲಗೈ ಹೆಬ್ಬೆರಳು ಸದಾ ಒದ್ದೆ. ಯಾವ ಮರದ ಚೂರು ಸಿಕ್ಕಿದರೂ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಅದರ ಮೇಲೆ ಒಮ್ಮೆ ಉಜ್ಜುತ್ತಿದ್ದರು. ಧೂಳು ಹಿಡಿದ ಚೂರಿನಲ್ಲಿ ಆ ಒಂದು ಗೆರೆ ಮಾತ್ರ ಕಪ್ಪಗೋ ಹಳದಿಯಾಗಿಯೋ ಹೊಳೆಯುತ್ತಿತ್ತು. ಪಾಲಿಶ್ ಆದಮೇಲೆ ಮರ ಹೇಗೆ ಕಾಣುತ್ತದೆಂದು ತಿಳಿಯುವ ಉಪಾಯ ಅದು. ಮೊದಲ ಸಲ ನೋಡಿದಾಗ ನನಗೆ ಅಸಹ್ಯವಾಗಿತ್ತು. ಆಗಷ್ಟೇ ಓದು ಮುಗಿಸಿ ಮನೆಗಳ ಒಳಾಂಗಣ ಅಲಂಕಾರದ ಕೆಲಸ ಹಿಡಿದಿದ್ದ ನನಗೆ ಅಸಹ್ಯಪಡಲು ಬೇಕಾದಷ್ಟು ವಿಷಯಗಳಿದ್ದವು.

ಲಷ್ಕರ್ ಮೊಹಲ್ಲಾದ ಸಂದಿಯೊಂದರಲ್ಲಿ ಮನೆಯ ಮುಂದಿನ ಕೋಣೆಯೇ ಮೇಸ್ತ್ರಿಯ ಕಾರ್ಖಾನೆ. ಬೀಟೆ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ತಗ್ಗು ಕೊರೆದು, ಬೇರೆ ಬೇರೆ ಮರದ ಚೂರುಗಳನ್ನು ಅದರಲ್ಲಿ ಕೂರಿಸುವ ಇನ್‌ಲೇ ಕೆಲಸ ಅವರದು. ಹೊಸ ಮರ ಕೊಂಡದ್ದನ್ನು ನಾನು ನೋಡಲೇ ಇಲ್ಲ. ಮುರಿದ ಮಂಚದ ಕಾಲು, ಕೆಡವಿದ ಮನೆಯ ಕಿಟಕಿ, ಯಾರೋ ಒಲೆಗೆ ಎತ್ತಿಟ್ಟಿದ್ದ ತೊಟ್ಟಿಲ ಪಟ್ಟಿ, ಎಲ್ಲವೂ ಅವರ ಗೋಣಿಚೀಲ ಸೇರುತ್ತಿದ್ದವು. ಹಳದಿಗೆ ಹಲಸು, ಬಿಳಿಗೆ ಹಾಲೆಮರ. ಬಣ್ಣದ ಡಬ್ಬಿ ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ. ಯಾಕೆಂದು ಕೇಳಿದ್ದೆ.

"ಹಚ್ಚಿದ್ದು ಹೋಯ್ತದೆ ಕಣಮ್ಮ. ಹಳೇ ಮರ ಬದಲಾಗೋದೆಲ್ಲ ಬದಲಾಗಿ ಮುಗ್ದಿರ್ತದೆ. ಅದ್ರ ಬಣ್ಣ ಎಲ್ಲೂ ಹೋಗಲ್ಲ" ಎಂದಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಹೂಟಗಳ್ಳಿಯ ಹೊಸ ಮನೆಯೊಂದು ನನ್ನ ಮೊದಲ ದೊಡ್ಡ ಕೆಲಸ. ಮನೆಯ ಯಜಮಾನರು ನಡುಮನೆಯ ಗೋಡೆಗೆ ಜೋಡಿ ಗಿಳಿಗಳ ಹಲಗೆ ಬೇಕೆಂದರು. ಮೇಸ್ತ್ರಿ ಕೊಂಬೆ, ಹಣ್ಣು, ಕೊಕ್ಕು ಎಲ್ಲ ಮುಗಿಸಿ, ರೆಕ್ಕೆಯ ತಗ್ಗುಗಳನ್ನು ಖಾಲಿ ಬಿಟ್ಟಿದ್ದರು. ಹಸಿರಿಗೆ ಸಂಪಿಗೆ ಮರದ ತಿರುಳೇ ಆಗಬೇಕು, ಅದೂ ಹಳೆಯದು. ನಜರ್‌ಬಾದಿನಲ್ಲಿ ಒಂದು ಮನೆ ಕೆಡವುತ್ತಾರಂತೆ, ಬಾಗಿಲು ಸಂಪಿಗೆಯದು, ಗೃಹಪ್ರವೇಶ ಕಳೆದ ಮೇಲೆ ಹಲಗೆ ಹಾಕಿದರಾಯಿತು ಎಂದರು. ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಮನೆಯವರು ಒಮ್ಮೆ ನೋಡಬೇಕಂತೆ ಎಂದು ಸುಳ್ಳು ಹೇಳಿ ಹಲಗೆ ಒಯ್ದೆ. ಬೇರೆ ಅಂಗಡಿಯಲ್ಲಿ ಹಸಿರು ಬಣ್ಣದಲ್ಲಿ ಅದ್ದಿದ ಚೂರುಗಳನ್ನು ರೆಕ್ಕೆಗೆ ಹಾಕಿಸಿದೆ.

ಗೃಹಪ್ರವೇಶದ ದಿನ ಮೇಸ್ತ್ರಿ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದರು. ಕೈಚೀಲದಿಂದ ಹಳೇ ಬಾಗಿಲ ಪಟ್ಟಿಯೊಂದು ಇಣುಕುತ್ತಿತ್ತು. ಮರ ಸಿಕ್ಕಿತೆಂದು ನನಗೆ ತೋರಿಸಲು ತಂದಿದ್ದರು. ಗೋಡೆಯ ಮೇಲಿನ ಹಲಗೆ ನೋಡಿ ಹತ್ತಿರ ಹೋದರು, ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿದರು. ಕೈ ರೆಕ್ಕೆಯ ತನಕ ಹೋಗಿ ನಿಂತಿತು. ಬೆರಳನ್ನು ಷರಟಿಗೆ ಒರೆಸಿಕೊಂಡರು. ಯಜಮಾನರು ಪಕ್ಕದಲ್ಲೇ ಇದ್ದರು. ಮೇಸ್ತ್ರಿ ಒಂದು ಮಾತು ಆಡಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು.

"ಚೆನ್ನಾಗದೆ. ಬಿಸ್ಲು ಬೀಳ್ದಂಗೆ ನೋಡ್ಕಳಿ" ಎಂದಷ್ಟೇ ಯಜಮಾನರಿಗೆ ಹೇಳಿ, ಊಟ ಮಾಡಿ, ಚೀಲ ಬಿಚ್ಚದೆ ಹೊರಟುಹೋದರು. ಆಮೇಲೆ ಆ ಸಂದಿಗೆ ಕಾಲಿಡಲು ನನಗೆ ಮುಖವಿರಲಿಲ್ಲ.

ಆರೇಳು ವರ್ಷ ಕಳೆದ ಮೇಲೆ ಹೂಟಗಳ್ಳಿಯಿಂದ ಫೋನು ಬಂತು. ಹೋಗಿ ನೋಡಿದರೆ ಮೇಸ್ತ್ರಿ ಕೂರಿಸಿದ ಹಣ್ಣು, ಕೊಂಬೆ ಹಾಗೇ ಇದ್ದವು. ನಾನು ಹಾಕಿಸಿದ ರೆಕ್ಕೆಗಳು ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಇನ್ನು ಮೇಸ್ತ್ರಿಯ ಕಾಲು ಹಿಡಿಯುವುದೇ ಸರಿ ಎಂದು ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಅವರ ಹೆಂಡತಿ ನನ್ನನ್ನು ಮೇಸ್ತ್ರಿ ಕೂರುತ್ತಿದ್ದ ಚಾಪೆಯ ಮೇಲೇ ಕೂರಿಸಿ, ಒಳಗಿನಿಂದ ಬಿಸ್ಕತ್ತಿನ ಹಳೇ ಡಬ್ಬಿ ತಂದರು.

"ಗಿಳಿ ಬಣ್ಣ ಹೋದ್ಮೇಲೆ ಆ ಹುಡ್ಗಿ ಬಂದೇ ಬತ್ತಾಳೆ, ಏನೂ ಅನ್ಬ್ಯಾಡ, ಕೊಟ್ಬುಡು ಅಂದಿದ್ರು ಕಣಮ್ಮ."

ಡಬ್ಬಿಯಲ್ಲಿ ಎರಡೂ ಗಿಳಿಗಳ ರೆಕ್ಕೆಗಳಿದ್ದವು. ಒಂದೊಂದು ಗರಿಯನ್ನೂ ಕೊಯ್ದು, ಚಿತ್ರ ಬರೆದಿದ್ದ ಅದೇ ಕಾಗದದಲ್ಲಿ ಮಡಿಸಿಟ್ಟಿದ್ದರು. ನೋಡಿದರೆ ಬರೀ ಮಣ್ಣಿನ ಬಣ್ಣದ ಚೂರುಗಳು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒಂದರ ಮೇಲೆ ಉಜ್ಜಿದೆ. ಒಣಗುವ ಎಲೆಯಲ್ಲಿ ಉಳಿಯುವಂಥ ಹಸಿರು ಎದ್ದು ಬಂತು. ಅಲ್ಲೇ ಕೂತು ಅತ್ತುಬಿಟ್ಟೆ.

ಹೂಟಗಳ್ಳಿಯಲ್ಲಿ ಆ ಗರಿಗಳನ್ನು ಕೂರಿಸುವಾಗ ಅಳತೆ ಸರಿಮಾಡಲೆಂದು ಒಂದಕ್ಕೂ ಅರ ಮುಟ್ಟಿಸಬೇಕಾಗಲಿಲ್ಲ. ಯಜಮಾನರಿಗೆ ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ಆ ಮಾತನ್ನು ಕೇಳಬೇಕಾಗಿದ್ದವರು ಅವರಲ್ಲ.