ತೌಡಿಗೆ ಕೊಂಡ ಮಗು

ಮಗು ಬದುಕಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂಗತಿ ಹೇಳಲು ಕೂತಾಗಲೆಲ್ಲ ನಮ್ಮ ಮನೆಯ ಹೆಂಗಸರು ನಡುವೆ ತಡೆದು ಅದನ್ನೇ ಕೇಳುತ್ತಾರೆ. ಬದುಕಿತು, ದೊಡ್ಡದಾಯಿತು, ಸತ್ತೇಗಾಲದ ಕಡೆ ಕಬ್ಬು ಕಡಿಯಲು ಹೋಗುವಷ್ಟು ಗಟ್ಟಿಮುಟ್ಟಾದ ಆಳಾಯಿತು ಎಂದು ಆಮೇಲೆ ಕೇಳಿದ್ದೇನೆ. ನನ್ನ ಸಂಕಟ ಬೇರೆಯದು.

ಆಗ ನನಗೆ ಹತ್ತೊಂಬತ್ತು. ಯಳಂದೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ನನ್ನ ಬಾಯಿ ಜೋರು ಎಂಬ ಸುದ್ದಿ ಅಗರದವರೆಗೂ ಹೋಗಿದ್ದರಿಂದ ಗಂಡು ಯಾವುದೂ ಕೂಡಿಬಂದಿರಲಿಲ್ಲ. ರಾಮಾಪುರದ ಠಾಣೆಯಲ್ಲಿ ಪೇದೆಯಾಗಿದ್ದ ಅಣ್ಣನ ಮನೆಯಲ್ಲಿ ಅತ್ತಿಗೆಗೆ ಮುದ್ದೆ ಕೂಡಿಸಿಕೊಟ್ಟುಕೊಂಡು ದಿನ ತಳ್ಳುತ್ತಿದ್ದೆ. ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ರಾಮಾಪುರದಲ್ಲಿ ಇಂಗ್ಲಿಷು ಬಲ್ಲ ಹೆಣ್ಣೆಂದರೆ ನಾನೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ಆದರೆ ಆ ಗೌಡಿಕೆಯ ಸೊಕ್ಕು ನನಗೆ ಬೇಕಾದಷ್ಟಿತ್ತು.

ಆಗಲೇ ಊರ ಹೊರಗಿನ ಎರಡು ಕೋಣೆಯ ಮನೆಯಲ್ಲಿ ಮಿಷನ್ನಿನವರು ಸಣ್ಣ ಆಸ್ಪತ್ರೆ ತೆರೆಯುತ್ತಾರೆಂದು ಗೊತ್ತಾಯಿತು. ಹೊರದೇಶದಿಂದ ಒಬ್ಬ ನರ್ಸಮ್ಮ ಬರುತ್ತಾರೆ, ಅವರ ಮಾತನ್ನು ಜನಕ್ಕೂ ಜನರ ಮಾತನ್ನು ಅವರಿಗೂ ಹೇಳಲು ಒಬ್ಬ ಹುಡುಗಿ ಬೇಕು ಎಂದು ಕೊಳ್ಳೇಗಾಲದ ಪಾದ್ರಿಯೊಬ್ಬರು ಅಣ್ಣನನ್ನು ಕೇಳಿದರು. ಅಣ್ಣ ಎರಡು ದಿನ ಮೀಸೆ ತಿರುವಿ ಕೊನೆಗೆ ಒಪ್ಪಿದ.

ಅವರನ್ನು ಕರೆತರಲು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ನಾನೇ ಹೋಗಿದ್ದೆ. ಕಬ್ಬಿಣದ ಟ್ರಂಕಿನ ಮೇಲೆ ಕೂತಿದ್ದರು. ಇಪ್ಪತ್ಮೂರು, ಇಪ್ಪತ್ನಾಲ್ಕು ಇರಬಹುದು. ಬಿಸಿಲಿಗೆ ಮುಖ ಕೆಂಪಾಗಿ ಮೂಗಿನ ಸಿಪ್ಪೆ ಏಳುತ್ತಿತ್ತು. ಅಷ್ಟು ದೂರ ಹಡಗಿನಲ್ಲಿ ಬಂದವರು ದೊಡ್ಡ ಹೆಂಗಸಾಗಿರುತ್ತಾರೆ ಎಂದುಕೊಂಡಿದ್ದ ನನಗೆ ನಿರಾಸೆಯೇ ಆಯಿತು. ಬಸ್ಸು ಹನೂರು ದಾಟಿ ಕಾಡಂಚಿನ ಬೆಟ್ಟಗಳು ಕಾಣುವ ಹೊತ್ತಿಗೆ ಅವರು ನನ್ನ ಕೈ ಹಿಡಿದುಕೊಂಡಿದ್ದರು. ಬಿಡಿಸಿಕೊಳ್ಳಬೇಕೋ ಬೇಡವೋ ತಿಳಿಯದೆ ರಾಮಾಪುರದವರೆಗೂ ಹಾಗೇ ಕೂತಿದ್ದೆ.

ಮೊದಲ ಒಂಬತ್ತು ದಿನ ಒಬ್ಬರೂ ಔಷಧಿಗೆ ಬರಲಿಲ್ಲ. ನೋಡಲು ಬಂದರು. ಕಿಟಕಿಯ ಸರಳು ಹಿಡಿದು ನಿಂತು ‘ದೊರಸಾನಿ’ ಹೇಗೆ ಕೂರುತ್ತಾಳೆ, ಹೇಗೆ ಉಣ್ಣುತ್ತಾಳೆ ಎಂದು ನೋಡಿ ಹೋದರು. ನರ್ಸಮ್ಮನನ್ನು ನಾನು ಸಿಸ್ಟರ್ ಎಂದೇ ಕರೆಯುತ್ತಿದ್ದೆ. ಸಿಸ್ಟರ್ ದಿನಕ್ಕೆ ಎರಡು ಸಲ ನೆಲ ತೊಳೆದರು. ಬಾಟಲಿಗಳನ್ನು ಒರೆಸಿ ಒರೆಸಿ ಇಟ್ಟರು. ಮಧ್ಯಾಹ್ನ ಒಳಕೋಣೆಗೆ ಹೋಗಿ ಹಾಲಿನ ಪುಡಿಯ ಡಬ್ಬಗಳ ಕಡೆ ಮುಖ ಮಾಡಿ ಅಳುತ್ತಿದ್ದರು. ನಾನು ಬಾಗಿಲಾಚೆ ನಿಂತಿರುತ್ತಿದ್ದೆ. ಒಂದು ದಿನ ಕಣ್ಣೊರೆಸಿಕೊಂಡು ಹೊರಬಂದವರು, “ನಾನು ಇಲ್ಲಿ ಯಾರಿಗೂ ಬೇಡ” ಎಂದರು. ಸಮಾಧಾನ ಮಾಡುವ ಇಂಗ್ಲಿಷು ನನ್ನ ಹತ್ತಿರ ಇರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಕಾಡಂಚಿನ ಹಾಡಿಯ ಕಡೆಯಿಂದ ಅತ್ತೆ ಸೊಸೆ ಇಬ್ಬರು ಬಂದರು. ಅತ್ತೆಯ ಕೈಯಲ್ಲಿ ಮೊರ. ಮೊರದಲ್ಲಿ ಹಳೇ ಸೀರೆಯ ತುಂಡು ಹಾಸಿ ಮೂರು ತಿಂಗಳ ಗಂಡುಮಗುವನ್ನು ಮಲಗಿಸಿದ್ದರು. ಎದೆ ಗೊರಗೊರ ಎನ್ನುತ್ತಿತ್ತು. ಸೊಸೆ ನನ್ನ ವಯಸ್ಸಿನವಳೇ. ನಾಲ್ಕು ಹೆಜ್ಜೆ ಹಿಂದೆ ನಿಂತು ಬೇರೆ ಕಡೆ ನೋಡುತ್ತಿದ್ದಳು. ಮುದುಕಿ ಮೊರವನ್ನು ಸಿಸ್ಟರ್ ಕಾಲಬಳಿ ಇಟ್ಟು ನನ್ನ ಕಡೆ ತಿರುಗಿದಳು.

“ಈ ಅವ್ವಾರ್ಗೆ ಏಳವ್ವ. ಮೂರು ಮೊಗ ಮಣ್ಗಾಕಿವಿ. ಇದ್ನ ಇವ್ರಿಗೆ ಮಾರ್ತಿವಿ. ತೌಡು ನಾವೇ ತಂದಿವಿ, ಅವ್ರ ಕೈಲಿ ನಂಗೆ ಕೊಡ್ಸು.”

“ಇವರಿಗೇ ಯಾಕಜ್ಜಿ?” ಎಂದೆ.

“ನಮ್ಮೋರ್ ಮನೆ ದಾರಿ ಎಲ್ಲಾ ಸಾವ್ಗೆ ಗೊತ್ತದೆ ಕನವ್ವ. ಇವ್ರು ಸಮುದ್ರದಾಚೆಯೋರು. ಇವ್ರ ಮೊಗ ಅಂದ್ರೆ ಅದು ಉಡಿಕಂಡು ಬರಕಿಲ್ಲ. ಗುಣ ಆದ್ಮೇಲೆ ಬಂದು ತೌಡು ಕೊಟ್ಟು ಕೊಂಡ್ಕತ್ತೀವಿ.”

ನಮ್ಮ ಕಡೆ ಇದು ಹೊಸದಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ಒಂದು ಹಿಡಿ ತೌಡಿಗೆ ಬೇರೆಯವರಿಗೆ ಮಾರುತ್ತಾರೆ. ಮಗು ಹೆತ್ತವಳ ಮಡಿಲಲ್ಲೇ ಬೆಳೆಯುತ್ತದೆ. ಆದರೆ ಮತ್ತೆ ಕೊಂಡುಕೊಳ್ಳುವವರೆಗೂ ಅವಳು ಅದನ್ನು ನನ್ನದು ಎನ್ನುವಂತಿಲ್ಲ, ಮುದ್ದಿಸುವಂತಿಲ್ಲ. ತೌಡಿನಷ್ಟೂ ಬೆಲೆಯಿಲ್ಲದ ಪರರ ಮಗು ಎಂದು ಸಾವು ನಂಬಬೇಕು. ಯಳಂದೂರಿನ ನಮ್ಮ ಬೀದಿಯಲ್ಲೇ ಹಾಗೆ ಮಾರಿಸಿಕೊಂಡವನೊಬ್ಬನಿದ್ದ, ಅವನನ್ನು ನಾವೆಲ್ಲ ರೇಗಿಸುತ್ತಿದ್ದೆವು.

ಏನು ಹೇಳುತ್ತಿದ್ದಾರೆ ಎಂದು ಸಿಸ್ಟರ್ ಕೇಳಿದರು. ಹಿಂದಿನ ದಿನವಷ್ಟೇ ಅವರು ಹಾದಿಯಲ್ಲಿ ಹೋಗುವವರ ತೋಳಿನ ತಾಯಿತ ನೋಡಿ, ಪಾಪ, ಈ ಜನರ ಭಯಗಳು ಎಂದಿದ್ದರು. ನಾನೂ ನಕ್ಕಿದ್ದೆ, ಆ ಜನ ನನ್ನವರಲ್ಲವೇನೋ ಎಂಬಂತೆ. ಈಗ ನಮ್ಮವರು ಒಂದು ಹಿಡಿ ತೌಡಿನಲ್ಲಿ ಯಮನ ಕಣ್ಣಿಗೆ ಮಣ್ಣೆರಚಲು ಬಂದಿದ್ದಾರೆ ಎಂದು ಹೇಗೆ ಹೇಳುವುದು? ನಾಚಿಕೆಯಾಯಿತು.

“ಮಗುವನ್ನು ನಿಮಗೆ ಕೊಡುತ್ತಿದ್ದಾರೆ” ಎಂದೆ.

“ನನಗೇ?”

“ಹೌದು, ನಿಮಗೇ.”

ತೌಡು ಏಕೆ ಎಂದು ಕೇಳಿದ್ದಕ್ಕೆ ಅದೊಂದು ಶಾಸ್ತ್ರ ಎಂದುಬಿಟ್ಟೆ. ಸಿಸ್ಟರ್ ಮುದುಕಿಯಿಂದ ತೌಡು ಈಸಿಕೊಂಡರು. ಅದನ್ನು ಅವಳ ಮಡಿಲಿಗೇ ಸುರಿದು, ಮೊರದಿಂದ ಮಗುವನ್ನು ಎತ್ತಿ ಎದೆಗವಚಿಕೊಂಡರು. ಮುದುಕಿ ಊರಿಗೆ ಹೋದಳು. ಸೊಸೆ ಹಾಲೂಡಲು ಉಳಿದಳು.

ನಾಲ್ಕು ದಿನದ ಸೂಜಿಮದ್ದಿಗೆ ಮಗುವಿನ ಎದೆ ತಿಳಿಯಾಯಿತು. ಸಿಸ್ಟರ್ ಅಳುವುದು ನಿಂತಿತು. ಹಾಡು ಹೇಳಿಕೊಂಡು ಬಟ್ಟೆ ಒಗೆದರು, ತಮ್ಮ ಲಂಗವೊಂದನ್ನು ಕತ್ತರಿಸಿ ಪುಟ್ಟ ಅಂಗಿ ಹೊಲಿದರು. ದೊರಸಾನಿ ಮಗು ಕೊಂಡಳಂತೆ ಎಂಬ ಸುದ್ದಿ ಹರಡಿದ್ದೇ, ತಮ್ಮ ಮಕ್ಕಳನ್ನು ಎತ್ತಿಕೊಂಡು ಜನ ಬರತೊಡಗಿದರು. ನನಗೂ ಮಾತಾಡಿ ಮಾತಾಡಿ ಗಂಟಲು ಒಣಗುವಷ್ಟು ಕೆಲಸ. ಇನ್ನೇನು ನಿಜ ಹೇಳಬೇಕು ಎಂದು ಬಾಯಿ ತೆರೆದಾಗಲೆಲ್ಲ ಸಿಸ್ಟರ್ ಮುಖ ನೋಡಿ ಸುಮ್ಮನಾಗುತ್ತಿದ್ದೆ. ಕರುಣೆಯಿಂದ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅರ್ಧ ಕರುಣೆ. ಉಳಿದರ್ಧ, ಮಗು ಬಂದ ದಿನವೇ ಸುಳ್ಳಾಡಿದವಳು ಎನಿಸಿಕೊಳ್ಳುವ ಹೆದರಿಕೆ.

ತಾಯಿ ಜಗಲಿಯ ಮೂಲೆಯಲ್ಲಿರುತ್ತಿದ್ದಳು. ಮಗು ಅತ್ತರೆ, “ಅವ್ವಾರೆ, ನಿಮ್ ಮೊಗ ಅಳ್ತಾದೆ” ಎನ್ನುವಳು. ಮುಖ ಆಚೆ ತಿರುಗಿಸಿ ಹಾಲು ಕುಡಿಸುವಳು. ಕುಡಿಸಿದ್ದೇ ಕೆಳಗಿಳಿಸಿ ಎದ್ದು ಹೋಗುವಳು. ಒಂದು ಮುತ್ತಿಲ್ಲ, ಒಂದು ಲಾಲಿಯಿಲ್ಲ. ಅವಳು ಅದನ್ನು ಎಷ್ಟು ಕಷ್ಟಪಟ್ಟು ಮಾಡುತ್ತಿದ್ದಾಳೆಂದು ನನಗೆ ಕಾಣುತ್ತಿತ್ತು, ಇಳಿಸುವಾಗ ಅವಳ ಬೆರಳುಗಳು ಬೇಗ ಬಿಡುತ್ತಿರಲಿಲ್ಲ. ಸಿಸ್ಟರಿಗೆ ಕಂಡದ್ದು ಬೇರೆ.

“ಅವಳಿಗೆ ಈ ಮಗು ಬೇಡ” ಎಂದರು ಐದನೆಯ ದಿನ. “ಇಷ್ಟವಿಲ್ಲದವಳನ್ನು ಹಿಡಿದಿಟ್ಟುಕೊಳ್ಳುವುದು ಪಾಪ. ಅವಳಿಗೆ ಬಿಡುಗಡೆ ಎಂದು ಹೇಳು. ಹಾಲಿನ ಪುಡಿ ಇದೆ, ನಾನು ನೋಡಿಕೊಳ್ಳುತ್ತೇನೆ.”

ಆ ಮಾತಿನಲ್ಲಿ ಕೋಪವಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಅಲ್ಲೇ ನಿಂತು, ಸಿಸ್ಟರ್, ತಪ್ಪು ನನ್ನದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಜಗಲಿಗೆ ಹೋದೆ.

“ನೀನು ಊರಿಗೆ ಹೋಗಬೇಕಂತೆ” ಎಂದೆ.

ಅವಳು ತಲೆ ಎತ್ತಿದಳು. “ಆಲು?”

“ಡಬ್ಬದ ಹಾಲು ಕೊಡುತ್ತಾರಂತೆ.”

ಅವಳು ಎದ್ದು ನಿಂತಳು. ನನ್ನ ಮಗು, ನಾನು ಹೋಗುವುದಿಲ್ಲ ಎನ್ನಬಹುದಿತ್ತು. ಅನ್ನುವಂತಿರಲಿಲ್ಲ, ಅಂದರೆ ಸಾವು ಕೇಳಿಸಿಕೊಳ್ಳುತ್ತದೆ. “ಅವ್ರ ಮೊಗ. ಅವ್ರಿಷ್ಟ” ಎಂದು ಸೆರಗು ಬಿಗಿದುಕೊಂಡು ಇಳಿದು ಹೋದಳು.

ಆಮೇಲೆ ಎರಡು ಸಲ ಅವಳನ್ನು ಬಸ್ಸು ನಿಲ್ಲುವಲ್ಲಿ ಹುಣಸೇಮರದ ಕೆಳಗೆ ಕಂಡೆ. ಯಾವ ಬಸ್ಸನ್ನೂ ಹತ್ತಲು ಬಂದವಳಲ್ಲ. ಅಲ್ಲಿಂದ ನಮ್ಮ ಆಸ್ಪತ್ರೆಯ ಜಗಲಿ ಕಾಣುತ್ತದೆ. ಮೊದಲ ಸಲ ಅವಳ ಸೆರಗು ಎದೆಯ ಹತ್ತಿರ ಒದ್ದೆಯಾಗಿತ್ತು. ಎರಡನೆಯ ಸಲ ಇರಲಿಲ್ಲ. ನಾನು ಎರಡೂ ಸಲ ಬೇರೆ ದಾರಿ ಹಿಡಿದೆ. ತಡೆಯಲಾರದೆ ಅತ್ತಿಗೆಯ ಹತ್ತಿರ ಹೇಳಿಕೊಂಡಾಗ ಅವಳು ಒಲೆಯ ಮುಂದಿನಿಂದ ಎದ್ದೇ ಬಂದಳು. “ಊರೆಲ್ಲಾ ಅಂಗೆ ಮಾತಾಡ್ತೀಯ, ಇದ್ನ ಏಳಕ್ಕೆ ಬಾಯಿ ಬಿದ್ದೋಗಿತ್ತಾ ನಿಂಗೆ? ನೋವ್ ತಿಂದು ಮಕ್ಳನ್ನ ಎತ್ತಿದ್ರೆ ತಿಳೀತಿತ್ತು” ಎಂದಳು. ನಾಳೆ ಹೇಳುತ್ತೇನೆ ಎಂದೆ. ಹಾಗೆ ಎಷ್ಟೋ ನಾಳೆಗಳು ಹೋದವು.

ಮೂರನೆಯ ವಾರ ಕಳೆದ ಸೋಮವಾರ ತಾಯಿ ಒಬ್ಬಳೇ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಮೊರದಲ್ಲಿ ಒಂದು ಹಿಡಿ ತೌಡು, ಎರಡು ವೀಳ್ಯದೆಲೆ. ಸಿಸ್ಟರಿಗೆ ಅವಳನ್ನು ಕಂಡು ಸಂತೋಷವೇ ಆಯಿತು. ಮಗುವನ್ನು ಎತ್ತಿ ತೋರಿಸುತ್ತಾ, “ಎಷ್ಟು ತೂಕ ಬಂದಿದೆ ನೋಡು ಎಂದು ಹೇಳು” ಎಂದರು.

ತಾಯಿ ಜಗಲಿಯ ಕೆಳಗೇ ನಿಂತು ಮೊರ ಚಾಚಿದಳು. “ಅವ್ವಾರೆ, ನಿಮ್ ಮೊಗನ ನಮ್ಗೆ ಮಾರೀರಾ?”

ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಎಲ್ಲವನ್ನೂ ಹೇಳಿದೆ. ಮಾರಿದ್ದು ಏಕೆ, ಕೊಳ್ಳುವುದು ಏಕೆ, ಮುಖ ತಿರುಗಿಸಿ ಹಾಲು ಕುಡಿಸಿದ್ದು ಏಕೆ. ನನ್ನ ಇಂಗ್ಲಿಷು ಅಷ್ಟು ಸಲೀಸಾಗಿ ಯಾವತ್ತೂ ಬಂದಿರಲಿಲ್ಲ. ಸಿಸ್ಟರ್ ಮುಖದ ಬಣ್ಣ ಇಳಿಯುತ್ತಾ ಹೋಯಿತು.

“ನಿನಗೆ ಯಾವಾಗ ಗೊತ್ತಾಯಿತು?”

“ಮೊದಲ ದಿನವೇ.”

ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನಾನು ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆನೇನೋ. ಮಗುವಿನ ಅಂಗಿಯ ಗುಂಡಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಆಮೇಲೆ ಏನು ಅನ್ನಬೇಕು ಎಂದು ಕೇಳಿದರು. “ಕೊಟ್ಟೆ ಅನ್ನಬೇಕು” ಎಂದೆ. ಜಗಲಿಯಿಂದ ಇಳಿದು, ತಮ್ಮ ಲಂಗವನ್ನೇ ಮಡಿಲು ಮಾಡಿ ತೌಡು ಹಾಕಿಸಿಕೊಂಡು, “ಕೊಟ್ಟೆ” ಎಂದು ಮಗುವನ್ನು ಮೊರದಲ್ಲಿ ಮಲಗಿಸಿದರು. ಆ ಹೊತ್ತಿಗೂ ಅವರ ಕಣ್ಣಲ್ಲಿ ನೀರಿರಲಿಲ್ಲ.

ತಾಯಿ ಮೊರ ನೆಲಕ್ಕಿಟ್ಟು ಮಗುವನ್ನು ಎತ್ತಿಕೊಂಡಳು. ಅದರ ಮುಖ, ಕಿವಿ, ಅಂಗಾಲು, ಒಂದೊಂದನ್ನೂ ನೋಡಿದಳು. ನೆತ್ತಿಯನ್ನು ಮೂಸಿದಳು. “ನನ್ನಪ್ಪ, ನನ್ ಮಗ” ಎಂದು ಎಷ್ಟು ಸಲ ಅಂದಳೋ. ಮಗು ಅವಳ ಎದೆಗೆ ಬಾಯಿ ಹಾಕಿತು. ಒಂದಷ್ಟು ಹೊತ್ತು ಚೀಪಿ, ಬಿಟ್ಟು, ಕಿರುಚಿ ಅಳತೊಡಗಿತು. ಅವಳು ಇನ್ನೊಂದು ಕಡೆಗೆ ಹಾಕಿಕೊಂಡಳು. ಅಲ್ಲೂ ಹಾಗೇ.

“ಅವಳನ್ನು ಕಳಿಸಿದ್ದಕ್ಕೆ ನನ್ನನ್ನು ಕ್ಷಮಿಸಬೇಕೆಂದು ಹೇಳು” ಎಂದರು ಸಿಸ್ಟರ್.

ಇದನ್ನು ಮಾತ್ರ ಒಂದಕ್ಷರ ಬಿಡದೆ ಹೇಳಿದೆ. ತಾಯಿಗೆ ಅರ್ಥವಾಗಲಿಲ್ಲ.

“ಅಯ್, ಅವ್ರೇನ್ ತಪ್ಪು ಮಾಡವ್ರೆ? ಮೊಗ ಉಳ್ಕತಲ್ಲ. ಆಲು ಬತ್ತೋಯ್ತು, ಓದ್ರೆ ಓಗ್ಲಿ. ಮನೇಲಿ ಮೇಕೆ ಅದೆ.”

ಏನು ಎಂಬಂತೆ ಸಿಸ್ಟರ್ ನನ್ನತ್ತ ನೋಡಿದರು. ಪರವಾಗಿಲ್ಲ ಅನ್ನುತ್ತಿದ್ದಾಳೆ ಎಂದಿದ್ದರೆ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ನಾನು ಅವತ್ತು ನಿಜ ಹೇಳುವ ಹಟಕ್ಕೆ ಬಿದ್ದಿದ್ದೆ. ಅವಳ ಹಾಲು ಬತ್ತಿಹೋಗಿದೆಯಂತೆ ಎಂದೂ ಹೇಳಿಬಿಟ್ಟೆ. ಅದನ್ನು ಹೇಳಬಾರದಿತ್ತು ಎಂದು ಈಗಲೂ ಅನಿಸುತ್ತದೆ.

ಸಿಸ್ಟರ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಡಿಲ ತೌಡೆಲ್ಲ ಚೆಲ್ಲಿತು.

“ಆ ದಿನ ಅವಳಿಗೆ ಹೋಗಲು ಇಷ್ಟವಿತ್ತೆ?”

“ಇರಲಿಲ್ಲ.”

“ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

ಅವರು ಒಳಗೆ ಹೋಗಿ ಹಾಲಿನ ಪುಡಿಯ ಡಬ್ಬಗಳನ್ನು, ಇದ್ದಷ್ಟನ್ನೂ, ತಮ್ಮ ಹಾಸಿಗೆಯ ದುಪ್ಪಟಿಯಲ್ಲಿ ಗಂಟು ಕಟ್ಟಿ ತಂದು ಕೊಟ್ಟರು. ಕೊಟ್ಟವರು ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಅವರ ಹತ್ತಿರ ಇದ್ದದ್ದು ಅದೇ ಕೊನೆಯ ದಿನ. ಮರುದಿನದಿಂದ ನನ್ನ ಜಾಗಕ್ಕೆ ಕೊಳ್ಳೇಗಾಲದ ಪಾದ್ರಿ ಕಳಿಸಿದ, ಇಂಗ್ಲಿಷೂ ತಮಿಳೂ ಬಲ್ಲ ಹೆಂಗಸೊಬ್ಬಳು ಬಂದಳು.

ತಾಯಿ ಗಂಟನ್ನು ತಲೆಗೇರಿಸಿ, ಮಗುವನ್ನು ಕಂಕುಳಿಗೆ ಹಾಕಿಕೊಂಡು, ಮುಚ್ಚಿದ ಬಾಗಿಲಿಗೆ ಕೈ ಮುಗಿದಳು. ಆಮೇಲೆ ನನ್ನ ಕಡೆಗೂ ತಿರುಗಿದಳು.

“ನಿಂಗೂ ಪುಣ್ಯ ಬರ್ಲಿ ಕನವ್ವ” ಎಂದಳು. “ನೀ ಇಲ್ದೆ ಇದ್ರೆ ನಮ್ ಮಾತು ಆ ಅವ್ವಾರ್ಗೆ ಎಂಗೆ ತಿಳೀತಿತ್ತು?”