ಅಬೇಕೆಯ ಪುಟ್ಟ ಯಜಮಾನ್ರು

ಗಂಡನ ಹೆಸರಿನಲ್ಲೇ ಲಾಡಿ ಇದ್ದರೂ ಅಬೇಕೆಯ ಸೊಂಟದ ಬಟ್ಟೆಗೆ ಲಾಡಿ ಇರಲಿಲ್ಲ. ಲಾಡಿಪೊ ಅವಳನ್ನು ಮದುವೆಯಾಗಿ ಅಬೆಯೊಕುಟಾದ ಮನೆಗೆ ಕರೆತಂದು ಇನ್ನೂ ಎರಡೇ ತಿಂಗಳು. ಅಂಗಳದಲ್ಲಿ ಆರು ವರ್ಷದ ನಾದಿನಿ ಮೊರೆನಿಕೆಯ ಎದುರು ನಿಂತು ಅವಳು ಟೆನ್-ಟೆನ್ ಆಡುತ್ತಿದ್ದಳು: ಹಾಡು, ಚಪ್ಪಾಳೆ, ಒಂದು ಕುಪ್ಪಳಿಕೆ, ಥಟ್ಟನೆ ಮುಂದಕ್ಕೊಂದು ಕಾಲು. ಇಬ್ಬರೂ ಎಡವನ್ನೋ ಇಬ್ಬರೂ ಬಲವನ್ನೋ ಚಾಚಿದರೆ ಒಬ್ಬಳಿಗೆ ಅಂಕ, ಬೇರೆಬೇರೆಯಾದರೆ ಇನ್ನೊಬ್ಬಳಿಗೆ. ಕಾಲು ಮುಂದೆ ಹೋಯಿತು, ಬಟ್ಟೆ ಕೆಳಗೆ ಹೋಯಿತು. ಅದೇ ಗಳಿಗೆಗೆ ಗೇಟು ತೆರೆದುಕೊಂಡು ಲಾಡಿಪೊನ ಅಕ್ಕ ಇಬಿಡುನ್ ಇಬಾದಾನಿನಿಂದ ಬಂದಿಳಿದಳು.

ಅಬೇಕೆ ಒಳಲಂಗದಲ್ಲೇ ಧೊಪ್ಪನೆ ಮಂಡಿಯೂರಿದಳು. "ಬನ್ನಿ ಯಜಮಾನ್ರೇ, ಪ್ರಯಾಣ ಸುಖವಾಗಿತ್ತಾ?"

ಯೊರುಬಾ ಜನರ ಸೊಸೆಯ ಫಜೀತಿ ಇದು. ಅವಳು ಹೊಸ್ತಿಲು ದಾಟುವ ಮೊದಲೇ ಆ ಮನೆಯಲ್ಲಿ ಹುಟ್ಟಿದವರೆಲ್ಲ, ಹೆಣ್ಣಾಗಲಿ ಗಂಡಾಗಲಿ, ಅವಳಿಗೆ ಗಂಡಂದಿರೇ. ಹೆಸರು ಹಿಡಿದು ಕೂಗುವಂತಿಲ್ಲ. ಮದುವೆ ಒಬ್ಬನ ಜೊತೆ, ಗಂಡಾಂತರ ಹನ್ನೊಂದು! ಅಷ್ಟೂ ಗಂಡಂದಿರಲ್ಲಿ ಅಬೇಕೆಗೆ ಪ್ರಾಣವೆಂದರೆ ಮುಂದಿನ ಹಲ್ಲುದುರಿದ ಈ ಪುಟ್ಟ ಯಜಮಾನ್ರು. ತವರು ನೆನೆದು ಅತ್ತ ದಿನ ತನ್ನ ಪಾಲಿನ ಅಕರಾವನ್ನು, ಬಿಸಿಬಿಸಿ ಅಲಸಂದೆ ವಡೆಯನ್ನು, ಮುರಿದು ಅವಳ ಬಾಯಿಗಿಟ್ಟದ್ದು ಅದೊಂದೇ ಗಂಡ. ಲಾಡಿಪೊ ಅಂದು ತನ್ನ ಪಾಲನ್ನು ತಾನೇ ಮುಗಿಸಿದ್ದ.

ಇಬಿಡುನ್ ಸೊಂಟದ ಮೇಲೆ ಕೈಯಿಟ್ಟಳು. "ನಮ್ಮ ಹೆಂಡ್ತಿ ಮೈಮೇಲೆ ಬಟ್ಟೆ ಇಲ್ಲ, ಮಗು ತಲೆ ಬಾಚಣಿಗೆ ಕಂಡಿಲ್ಲ. ಅಮ್ಮ ನೋಡಿದ್ರೆ ದಿನವಿಡೀ ಮಾರ್ಕೆಟ್ಟಲ್ಲಿ. ಮೊರೆನಿಕೇನ ನಾನೇ ಇಬಾದಾನಿಗೆ ಕರ್ಕೊಂಡು ಹೋಗಿ ಸಾಕ್ತೀನಿ. ಬಟ್ಟೆ ಕಟ್ಟು!"

"ಯಾರ್ದು ಯಜಮಾನ್ರೇ, ನಂದಾ, ಅವರ್ದಾ?"

"ಬಾಯಿ ಬೇರೆ!"

ದೊಡ್ಡ ಯಜಮಾನ್ರ ಮಾತಿಗೆ ಸೊಸೆ ಎದುರಾಡುವಂತಿಲ್ಲ. ಆದರೆ ಪುಟ್ಟ ಯಜಮಾನ್ರು ಆಡಬಹುದಲ್ಲ!

"ನನ್ ಹೆಂಡ್ತೀನ ಬಿಟ್ಟು ನಾನು ಬರಲ್ಲ!" ಮೊರೆನಿಕೆ ನೆಲ ಒದ್ದಳು. "ಅಕ್ಕಾ, ಟೆನ್-ಟೆನ್‌ನಲ್ಲಿ ನನ್ನ ಸೋಲ್ಸೋರೇ ಇಲ್ಲ ಅಂತ ಕೊಚ್ಕೋತೀಯಲ್ಲ? ಇವಳ ಜೊತೆ ಆಡು. ನೀನು ಗೆದ್ರೆ ಬರ್ತೀನಿ. ಸೋತ್ರೆ ಸುಮ್ನೆ ಊಟ ಮಾಡ್ಕೊಂಡು ಹೋಗು."

ಎರಡು ತಿಂಗಳಿಂದ ಅಬೇಕೆ ಈ ಮಗುವಿಗೇ ದಿನಾ ಸೋಲುತ್ತಿದ್ದಳು; ನಿಯಮವನ್ನು ದಿನಕ್ಕೊಂದು ಮಾಡುತ್ತಿದ್ದದ್ದೂ ಆ ಮಗುವೇ ಎನ್ನಿ.

ಇಬಿಡುನ್ ಆಗಲೇ ಚಪ್ಪಲಿ ಬಿಟ್ಟು ಸಜ್ಜಾಗಿದ್ದಳು. "ಹತ್ತು ಅಂಕ. ಜೋಡಿ ಕಾಲು ಬಂದ್ರೆ ನಂದು, ಬೇರೆ ಬಂದ್ರೆ ನಿಂದು. ಮೊದ್ಲು ಬಟ್ಟೆ ಬಿಗಿ ಮಾಡ್ಕೊ, ತಾಯಿ!"

ಅಕ್ಕಪಕ್ಕದ ಹೆಂಗಸರು ಸೌಟು ಹಿಡಿದೇ ಓಡಿಬಂದರು. ಎದುರಾಳಿಯ ಸೊಂಟ ಎತ್ತ ವಾಲಿತೆಂದು ನೋಡಿ ಯಾವ ಕಾಲು ಬರುವುದೆಂದು ಹೇಳುವುದು ಇಬಿಡುನಳ ವಿದ್ಯೆ. ನಾಲ್ಕು ಸೊನ್ನೆ! ಮೊರೆನಿಕೆ ಕಣ್ಣು ಮುಚ್ಚಿಕೊಂಡಳು. ಅಬೇಕೆ ಹಲ್ಲು ಕಚ್ಚಿ ಕುಪ್ಪಳಿಸಿದಳು. ಸೊಂಟ ಒಂದು ಕಡೆ, ಕಾಲು ಇನ್ನೊಂದು ಕಡೆ! ನಾಲ್ಕು ಒಂದು. ನಾಲ್ಕು ನಾಲ್ಕು. ಇಬಿಡುನ್ ಸೊಂಟ ಬಿಟ್ಟು ಭುಜ ನೋಡಿದಳು, ಭುಜ ಬಿಟ್ಟು ಕಣ್ಣು ನೋಡಿದಳು, ಎಲ್ಲೂ ಸುಳಿವಿಲ್ಲ. ಏಳು ಏಳು. "ಹಾಕು ನನ್ ಹೆಂಡ್ತೀ, ಹಾಕು!" ಒಂಬತ್ತು ಒಂಬತ್ತು. ಚಪ್ಪಾಳೆ, ಚಪ್ಪಾಳೆ, ಕುಪ್ಪಳಿಕೆ...

ಬೇರೆ ಕಾಲು!

ಸೌಟುಗಳು ಒಂದಕ್ಕೊಂದು ಬಡಿದುಕೊಂಡವು. ಪುಟ್ಟ ಗಂಡ ಹಾರಿ ಹೆಂಡತಿಯ ಕೊರಳಿಗೆ ಜೋತುಬಿತ್ತು. ಇಬಿಡುನ್ ಮೆಟ್ಟಿಲ ಮೇಲೆ ಕುಸಿದು, ತಲೆಬಟ್ಟೆಯಲ್ಲೇ ಗಾಳಿ ಹಾಕಿಕೊಂಡು, ಕೊನೆಗೆ ನಕ್ಕಳು.

"ಇರ್ಲಿ, ಇಲ್ಲೇ ಇರ್ಲಿ. ಆದ್ರೆ ನಿಜ ಹೇಳು. ನನ್ನನ್ನ ಇವತ್ತಿನ ತನಕ ಯಾರೂ ಸೋಲಿಸಿಲ್ಲ. ಮಗು ಮೇಲಿನ ಪ್ರೀತೀನಾ? ನಾನು ಯಾವ ಕಾಲು ಹಾಕ್ತೀನಿ ಅಂತ ನಿಂಗೆ ಹೇಗೆ ಗೊತ್ತಾಗ್ತಿತ್ತು?"

ಅಬೇಕೆ ಮತ್ತೆ ಮಂಡಿಯೂರಿ, ಬೇರೆ ಯಾರಿಗೂ ಕೇಳಿಸದಂತೆ ಮೆಲ್ಲಗೆ ಹೇಳಿದಳು:

"ನಿಮ್ದು ಹಾಗಿರ್ಲಿ ಯಜಮಾನ್ರೇ. ನಂದ್ರಲ್ಲಿ ಎಡಗಾಲು ಯಾವ್ದು, ಬಲಗಾಲು ಯಾವ್ದು ಅಂತ್ಲೇ ನಂಗೆ ಗೊತ್ತಾಗಲ್ಲ."